ಕೈಮಾತಿಗೆ ತಂತಿ ಎಳೆದ ತೀರ್ಥಪ್ರಸಾದ್

ಮಾತು ಕೊಟ್ಟಾಗ ತೀರ್ಥಪ್ರಸಾದ್‌ಗೆ ಹನ್ನೊಂದು ವರ್ಷ. ಮಾತು ಪಡೆದ ತಂಗಿಗೆ ಏಳು. ಆ ಮಾತು ತಂಗಿಗೆ ಕೇಳಿಸಲಿಲ್ಲ. ಹುಟ್ಟಿದಂದಿನಿಂದ ಅವಳಿಗೆ ಏನೂ ಕೇಳಿಸಿದ್ದಿಲ್ಲ.

ಅವತ್ತು ಅವ್ವ ಪೊನ್ನಮ್ಮ ಮಗಳನ್ನು ಸೇರಿಸಲೆಂದು ಊರ ಶಾಲೆಗೆ ಕರೆದುಕೊಂಡು ಹೋಗಿದ್ದರು. ಮೇಷ್ಟ್ರು ಬಗ್ಗಿ, ಪ್ರೀತಿಯಿಂದಲೇ, ನಿನ್ನ ಹೆಸರೇನು ಎಂದು ಕೇಳಿದರು. ಹುಡುಗಿ ಮೇಷ್ಟ್ರ ತುಟಿ ನೋಡಿದಳು, ಅವ್ವನ ಮುಖ ನೋಡಿದಳು, ಕೊನೆಗೆ ಅಣ್ಣನ ಕಡೆ ತಿರುಗಿದಳು. ಇನ್ನೊಂದು ವರ್ಷ ಹೋಗಲಿ ಎಂದರು ಮೇಷ್ಟ್ರು. ಆ ಇನ್ನೊಂದು ವರ್ಷ ಬರಲೇ ಇಲ್ಲ. ವಾಪಸು ಬರುವಾಗ ತೋಡೆಂಬ ಕಿರುಹಳ್ಳದ ಹತ್ತಿರ ಅಣ್ಣ ನಿಂತ. ತಂಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ನಿನ್ನ ಹೆಸರ್‌ನ ನಾನೇ ನಿಂಗೆ ಹೇಳ್ನೆ" ಎಂದ. ನಿನ್ನ ಹೆಸರನ್ನು ನಿನಗೆ ನಾನೇ ಹೇಳುತ್ತೇನೆ ಎಂದು ಮನೆಮಾತಾದ ಅರೆಭಾಷೆಯಲ್ಲಿ ಕೊಟ್ಟ ಆ ಮಾತಿಗೆ ಅವ್ವನೊಬ್ಬರೇ ಸಾಕ್ಷಿ. ತಂಗಿಯ ಹೆಸರು ದಿವ್ಯ. ಅದು ಊರಿಗೆಲ್ಲ ಗೊತ್ತಿತ್ತು, ಅವಳೊಬ್ಬಳನ್ನು ಬಿಟ್ಟು.

ಈಗ ತೀರ್ಥಪ್ರಸಾದ್‌ಗೆ ನಲವತ್ತು ದಾಟಿದೆ. ಭಾಗಮಂಡಲದಿಂದ ಕರಿಕೆಗೆ ಹೋಗುವ ರಸ್ತೆಯಲ್ಲಿ ಇನ್ನೂ ಬೆಳಕು ಹರಿಯುತ್ತಿದೆ. ಮೊದಲ ಬಸ್ಸು ಬಂದಿಲ್ಲ. ಮಳೆಗೆ ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಕಾಲಿಗೆ ಜಿಗಣೆ ಹತ್ತದಂತೆ ಹೊಗೆಸೊಪ್ಪಿನ ನೀರು ಹಚ್ಚಿಕೊಂಡು ಅವರು ರಸ್ತೆ ಬದಿಯ ಅಂಗಡಿಯಿಂದ ಇಳಿಜಾರಿನಲ್ಲಿ ಇಳಿಯುತ್ತಿದ್ದಾರೆ. ಬಲಗೈ ಮೇಲೆತ್ತಿದೆ. ಆ ಕೈಯ ಬೆರಳುಗಳ ನಡುವೆ ಕಪ್ಪು ಬಣ್ಣದ ಕೇಬಲ್ಲೊಂದು ಸರಿಯುತ್ತಿದೆ. ರಾತ್ರಿಯ ಗಾಳಿಗೆ ಕೊಂಬೆ ಬಿದ್ದಿದೆಯೋ, ಮಂಗ ಜೋತುಬಿದ್ದು ಎಳೆದಿದೆಯೋ ಎಂದು ಕಣ್ಣಿಗಿಂತ ಮೊದಲು ಬೆರಳು ಹೇಳುತ್ತದೆಯಂತೆ. ಒಂದು ಕಡೆ ಹಲಸಿನ ರೆಂಬೆ ಒರಗಿಕೊಂಡಿದೆ. ಬಿದಿರಿನ ದಬ್ಬೆಯಿಂದ ಅದನ್ನು ಸರಿಸಿ, ಮತ್ತೆ ಕೈಯೆತ್ತಿ ನಡೆಯುತ್ತಾರೆ. ತಂತಿ ಮನೆಯ ಗೋಡೆ ಸೇರುವಲ್ಲಿ ಒಮ್ಮೆ ಕೆಳಕ್ಕೆ ಜೋತುಬಿದ್ದು ಮತ್ತೆ ಮೇಲೇರುತ್ತದೆ. ಆ ಬಾಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಹಾಗೆ ಬಾಗಿಸದೆ ನೇರ ತಂದರೆ ನೀರು ತಂತಿಯನ್ನೇ ದಾರಿ ಮಾಡಿಕೊಂಡು ಮನೆಯೊಳಗೆ ಬರುತ್ತದೆ ಎನ್ನುತ್ತಾರೆ.

ಮನೆಯೊಳಗೆ ದಿವ್ಯ ಆಗಲೇ ಸಿದ್ಧಳಾಗಿ ಕೂತಿದ್ದಾಳೆ. ತಲೆ ಬಾಚಿದೆ, ಬಳೆ ತೆಗೆದಿಟ್ಟಿದೆ. ಎದುರಿಗೆ ಅಕ್ಕಿಡಬ್ಬದ ಮೇಲೆ ಒರಗಿಸಿಟ್ಟ ಟ್ಯಾಬು. ಅದರೊಳಗೆ ಕುಶಾಲನಗರದ ಒಂದು ಕೋಣೆ, ನೀಲಿ ಗೋಡೆ, ಗೋಡೆಯ ಮುಂದೆ ಉಷಾರಾಣಿ. ಉಷಾರಾಣಿಗೂ ಕಿವಿ ಕೇಳಿಸುವುದಿಲ್ಲ. ಕಿವಿ ಕೇಳದ ಮಕ್ಕಳಿಗೆ ಅವರು ಕೈಮಾತು ಕಲಿಸುವ ಟೀಚರು. ಪಾಠ ಶುರುವಾಗುತ್ತದೆ. ಶುರುವಾದದ್ದು ಹೊರಗಿನವರಿಗೆ ತಿಳಿಯುವುದಿಲ್ಲ, ಏಕೆಂದರೆ ಸದ್ದೇ ಇಲ್ಲ. ಅಡುಗೆಮನೆಯಲ್ಲಿ ಕಾಫಿ ಕುದಿಯುವುದು ಕೇಳಿಸುತ್ತದೆ, ಹೆಂಚಿನ ಮೇಲಿನ ಹನಿ ಕೇಳಿಸುತ್ತದೆ. ಅದರ ನಡುವೆ ನಾಲ್ಕು ಕೈಗಳು ಹಾರುತ್ತಿರುತ್ತವೆ. ಅಲ್ಲಿ ಒಂದು ಹುಬ್ಬು ಏರಿದರೆ ಇಲ್ಲಿ ಉತ್ತರ. ಅಲ್ಲೊಂದು ತಮಾಷೆ, ಇಲ್ಲಿ ನಗು. ಎಪ್ಪತ್ತು ಕಿಲೋಮೀಟರು ದೂರದ ಇಬ್ಬರು ಹೆಂಗಸರು ಹಿತ್ತಲ ಬೇಲಿಯ ಆಚೆ ಈಚೆ ನಿಂತ ಹಾಗೆ ಹರಟುತ್ತಾರೆ. ತೀರ್ಥಪ್ರಸಾದ್ ಒದ್ದೆ ಕಾಲಲ್ಲೇ ಹೊಸ್ತಿಲಲ್ಲಿ ನಿಂತು ನೋಡುತ್ತಾರೆ. ದಿನವೂ ನೋಡುವವರೇ. ಆದರೂ ಆ ಮುಖ ಇವತ್ತೇ ಮೊದಲು ನೋಡಿದವರ ಮುಖದ ಹಾಗಿರುತ್ತದೆ.

ಅವರ ಕೆಲಸ ಮನೆಮನೆಗೆ ಇಂಟರ್‌ನೆಟ್ ಎಳೆಯುವುದು. ಎಸ್ಸೆಸ್ಸೆಲ್ಸಿ ಆದಮೇಲೆ ಲ್ಯಾಂಡ್‌ಲೈನ್ ಫೋನಿನ ತಂತಿಗೆ ಗುಂಡಿ ತೋಡಿದರು, ಆಮೇಲೆ ಕೇಬಲ್ ಟೀವಿಯವರ ಜೊತೆ ಮರ ಹತ್ತಿದರು, ಈಗ ಗುತ್ತಿಗೆಯ ಮೇಲೆ ಕಂಪನಿಯೊಂದರ ಫೈಬರ್ ನೋಡಿಕೊಳ್ಳುತ್ತಾರೆ. ತಲೆಗೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಯನ್ನು ಬೆಸೆಯುವ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡು, ಬೈಕಿನಲ್ಲಿ ಹೋಗುವಷ್ಟು ಹೋಗಿ, ಉಳಿದದ್ದನ್ನು ನಡೆಯುತ್ತಾರೆ. ಬೇಸಿಗೆಯಲ್ಲಿ ದಿನಕ್ಕೆ ಐದಾರು ಕಡೆ. ಆಷಾಢದಲ್ಲಿ ಹದಿನೈದಾದರೂ ಫೋನು ನಿಲ್ಲುವುದಿಲ್ಲ. ಮರ ಬಿತ್ತು, ಮಣ್ಣು ಜಾರಿತು, ಸಿಡಿಲಿಗೆ ಡಬ್ಬ ಸುಟ್ಟಿತು. ಕರೆ ಮಾಡಿದವರು ಬೈಯುವುದೂ ಉಂಟು, ಬೈದವರೇ ಮನೆಗೆ ಹೋದಾಗ ಕಡುಬು ಕೊಟ್ಟು ಕಳಿಸುವುದೂ ಉಂಟು. "ನೆಟ್ ಬಂದ್ರೆ ನಾವು ನೆನಪಿರುವುದಿಲ್ಲ. ಹೋದ್ರೆ ಮಾತ್ರ ನೆನಪು. ಸೊಂಟದ ಹಾಗೆ" ಎಂದು ನಗುತ್ತಾರೆ.

ಊರಿನವರ ಮಾತನ್ನೆಲ್ಲ ಊರಾಚೆಗೆ ದಾಟಿಸುವ ಈ ಮನುಷ್ಯನಿಗೆ ಮನೆಯಲ್ಲಿ ತಂಗಿಯ ಜೊತೆ ಆಡಲಿಕ್ಕೆ ಇದ್ದದ್ದು ಹತ್ತಿಪ್ಪತ್ತು ಸನ್ನೆ ಮಾತ್ರ. ಊಟ, ನಿದ್ದೆ, ಬಾ, ಬೇಡ, ದನ, ಮಳೆ. ಅವ್ವ ಅಂದರೆ ಮೂಗುಬೊಟ್ಟಿನ ಜಾಗಕ್ಕೆ ಬೆರಳು. ಅಣ್ಣ ಅಂದರೆ ಬೈಕಿನ ಹ್ಯಾಂಡಲು ತಿರುಗಿಸುವ ಕೈ. ದಿವ್ಯಳಿಗೆ ಮಾತ್ರ ಸನ್ನೆಯಿರಲಿಲ್ಲ. ಅವಳನ್ನು ಬೆರಳಿಟ್ಟು ತೋರಿಸಿದರೆ ಮುಗಿಯಿತಲ್ಲ, ಅವಳದೊಂದು ಸನ್ನೆ ಯಾರಿಗೆ ಬೇಕಿತ್ತು?

ಕೊಟ್ಟ ಮಾತನ್ನು ಅಣ್ಣ ಮರೆತದ್ದಿಲ್ಲ. ಸ್ಲೇಟಿನ ಮೇಲೆ ಹೆಸರು ಬರೆದು, ಅಕ್ಷರ ತೋರಿಸಿ, ಅವಳ ಎದೆಗೆ ಬೆರಳಿಟ್ಟು ತೋರಿಸಿದರು. ಹೀಗೆ ಒಂದು ಮಳೆಗಾಲವಿಡೀ. ದಿವ್ಯ ಮುತ್ತಿನಂಥ ಅಕ್ಷರದಲ್ಲಿ ತನ್ನ ಹೆಸರು ಬರೆಯಲು ಕಲಿತಳು. ಮನೆಯವರು ಗೆದ್ದೆವೆಂದುಕೊಂಡರು. ಆಮೇಲೊಂದು ದಿನ ಸ್ಲೇಟು ಕಾಣದಿದ್ದಾಗ ಅವಳು ಒಲೆಯ ಬೂದಿಯ ಮೇಲೆ 'ದಿವ್ಯ' ಎಂದು ಬರೆದು, ಎಲ್ಲಿ ಎಂದು ಕೈ ತಿರುಗಿಸಿ ಕೇಳಿದಳು. ಅಷ್ಟು ದಿನವೂ ಅದು ಸ್ಲೇಟಿನ ಹೆಸರು ಎಂದುಕೊಂಡಿದ್ದಳು. ಅಂದಿನ ಮಟ್ಟಿಗೆ ಅಣ್ಣ ಸೋತರು.

ದಾರಿ ತೆರೆದದ್ದು ಎರಡು ವರ್ಷದ ಹಿಂದೆ, ಕುಶಾಲನಗರದಲ್ಲಿ. ಅಲ್ಲಿ ಕೆಲಸಗಾರರು ಸಾಲದೆ ಕಂಪನಿ ಇವರನ್ನು ಕೆಲವು ದಿನದ ಮಟ್ಟಿಗೆ ಕಳಿಸಿತ್ತು. ಒಂದು ಮನೆಯಲ್ಲಿ ಬಾಗಿಲು ತೆರೆದವರು ಉಷಾರಾಣಿಯ ತಂದೆ ದೇವರಾಜು, ಹಾಸನದ ಕಡೆಯಿಂದ ಬಂದು ನೆಲೆಸಿದ ಬೇಸಾಯದ ಮನೆಯವರು. "ಬನ್ನಿ ಬನ್ನಿ, ನಮ್ ಹುಡ್ಗಿ ಕಾಯ್ತಾ ಅವ್ಳೆ. ಅವ್ಳಿಗೆ ಕಿವಿ ಕೇಳಲ್ಲ. ಕೂಗ್ಬೇಡಿ, ಕೂಗಿದ್ರೂ ಅಷ್ಟೇ. ಬರ್ದು ತೋರ್ಸಿ" ಎಂದರು. ಉಷಾರಾಣಿ ಫೋನಿನಲ್ಲಿ ಆಗಲೇ ಬರೆದಿಟ್ಟಿದ್ದರು: ನಿಮ್ಮ ಮೋಡೆಮ್ಮನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಕೊಡಿ, ರೂಟರ್ ನನ್ನದೇ ಇದೆ.

ತೀರ್ಥಪ್ರಸಾದ್ ಆ ಕೆಲಸವನ್ನು ಅದುವರೆಗೆ ಮಾಡಿರಲಿಲ್ಲ. ಅವರ ಕಡೆ ಯಾರೂ ಕೇಳಿರಲಿಲ್ಲ. ಇಬ್ಬರೂ ಕೂತು, ಬರೆದು ಬರೆದು ತೋರಿಸಿಕೊಂಡು ಮಾಡಿದರು. ಮೊದಲ ಸಲ ಕಂಪನಿಯ ಪಾಸ್‌ವರ್ಡು ಕೇಳಿಟ್ಟುಕೊಳ್ಳದೆ ಮೋಡೆಮ್ ಬದಲಿಸಿ, ಎಲ್ಲ ನಿಂತುಹೋಗಿ, ಆಫೀಸಿಗೆ ಫೋನು ಮಾಡಿ ಮತ್ತೆ ಮೊದಲಿನಿಂದ. ಉಷಾರಾಣಿ ಆಗ ನಕ್ಕದ್ದನ್ನು ಅವರು ಇವತ್ತಿಗೂ ಹೇಳುತ್ತಾರೆ. ಬ್ರಿಡ್ಜ್ ಮೋಡ್ ಎಂದರೇನು ಎಂದು ಕೇಳಿದವರಿಗೆ ಅವರ ಹತ್ತಿರ ಒಂದು ಎಸ್ಟೇಟಿನ ಉಪಮೆ ತಯಾರಿದೆ. "ಒಂದು ತೋಟಕ್ಕೆ ಎರಡು ಗೇಟು ಉಂಟು ಅಂತ ಇಟ್ಕೊಳ್ಳಿ. ಎರಡರಲ್ಲೂ ವಾಚ್‌ಮನ್. ಮೊದಲನೆಯವ ಚೀಲ ಬಿಚ್ಚಿ ನೋಡ್ತಾನೆ, ಎರಡನೆಯವನೂ ಬಿಚ್ಚಿ ನೋಡ್ತಾನೆ. ಬಂದವರು ದಾರಿಯಲ್ಲೇ ಬಾಕಿ. ಬ್ರಿಡ್ಜ್ ಮೋಡ್ ಅಂದ್ರೆ ಮೊದಲನೆಯವನಿಗೆ, ನೀನು ಗೇಟು ತೆಗೆದಿಟ್ಟು ಸುಮ್ಮನೆ ಕೂತ್ಕೊ ಮಾರಾಯ ಅನ್ನುವುದು. ಕಂಪನಿಯ ಮೋಡೆಮ್ ಅಂದ್ರೆ ಅವನೇ. ಮತ್ತೆ ಯಾರನ್ನು ಮೊದಲು ಬಿಡಬೇಕು ಅಂತ ನಮ್ಮ ರೂಟರ್ ನೋಡ್ಕೊಳ್ತದೆ."

ಕೆಲಸ ಮುಗಿದು, ಪರೀಕ್ಷೆಗೆಂದು ಉಷಾರಾಣಿ ಗೆಳತಿಯೊಬ್ಬರಿಗೆ ವಿಡಿಯೊ ಕರೆ ಮಾಡಿದರು. ಸ್ಕ್ರೂಡ್ರೈವರ್ ಹಿಡಿದೇ ನಿಂತ ತೀರ್ಥಪ್ರಸಾದ್ ಜೀವನದಲ್ಲಿ ಮೊದಲ ಬಾರಿಗೆ ಕಿವಿ ಕೇಳದ ಇಬ್ಬರು ಮಾತಾಡುವುದನ್ನು ಕಂಡರು. ಊಟ, ನಿದ್ದೆ, ದನ, ಮಳೆ ಅಲ್ಲ. ಗೆಳತಿಯ ಅತ್ತೆಯ ಚಾಡಿ, ನಿನ್ನೆಯ ಸಿಟ್ಟು, ಬರುವ ತಿಂಗಳ ಪ್ರಯಾಣ. ದೇವರಾಜು ಪಕ್ಕದಲ್ಲಿ ನಿಂತು ಅರ್ಥ ಹೇಳುತ್ತಿದ್ದರು. "ಮೈ ಜುಂ ಅಂತು. ಇಷ್ಟೆಲ್ಲ ಕೈಯಲ್ಲಿ ಆಗ್ತದೆ ಅಂತ ನಮಗೆ ಯಾರೂ ಹೇಳಲೇ ಇಲ್ವಲ್ಲ" ಎನ್ನುತ್ತಾರೆ ತೀರ್ಥಪ್ರಸಾದ್.

ತಂಗಿಯ ವಿಷಯ ಬರೆದು ತೋರಿಸಿದರು. ಮೂವತ್ತೈದಾಯಿತು, ಇನ್ನು ಕಲಿಯುತ್ತಾಳೆಯೇ ಎಂದು ಕೇಳಿದರು. ಉಷಾರಾಣಿ ಬರೆದರು: ಕಲಿಯುತ್ತಾರೆ, ನಿಧಾನ. ಆದರೆ ಚಿತ್ರ ನಿಲ್ಲಬಾರದು. ನಿಮಗೆ ಚಿತ್ರ ನಿಂತರೂ ಸದ್ದು ಬರುತ್ತದೆ. ನಮಗೆ ಚಿತ್ರ ನಿಂತರೆ ಬಾಯಿಗೆ ಬಟ್ಟೆ ತುರುಕಿದ ಹಾಗೆ.

ಪಾಠ ಶುರುವಾಯಿತು, ಆದರೆ ಚಿತ್ರ ನಿಲ್ಲುತ್ತಿತ್ತು. ಕಂಪನಿಯ ಫೈಬರ್ ರಸ್ತೆಯವರೆಗೆ ಮಾತ್ರ. ಹಾಗಾಗಿ ತೀರ್ಥಪ್ರಸಾದ್ ಮನೆಯ ಮೋಡೆಮ್ ಇರುವುದು ಮೊಣ್ಣಪ್ಪನವರ ಕಾಫಿ ಅಂಗಡಿಯಲ್ಲಿ. ಅಲ್ಲಿಂದ ಇಳಿಜಾರಿನ ಮನೆಗೆ, ಕೂಗಿದರೆ ಕೇಳುವಷ್ಟು ದೂರ, ಇವರೇ ತಂತಿ ಎಳೆದುಕೊಂಡಿದ್ದರು. ಡಬ್ಬಕ್ಕೆ ಜಾಗವೂ ಕರೆಂಟೂ ಕೊಟ್ಟ ಮೊಣ್ಣಪ್ಪ ಅದರ ಪಾಸ್‌ವರ್ಡನ್ನು ರಟ್ಟಿನ ಮೇಲೆ ಬರೆದು, ಕಾಫಿ ಕುಡಿದವರಿಗೆ ಮಾತ್ರ ಎಂದು ತೂಗುಹಾಕಿದ್ದರು. ಮೊದಲ ಬಸ್ಸಿಗೆ ಕಾಯುವವರೆಲ್ಲ ಫೋನು ತೆರೆದರೆ ಕೆಳಗೆ ಉಷಾರಾಣಿಯ ಕೈ ಗಾಳಿಯಲ್ಲೇ ಕಲ್ಲಾಗುತ್ತಿತ್ತು.

ಆಗಲೇ ಯಾರೂ ಎಣಿಸದ ಒಂದು ವಿಚಿತ್ರ ನಡೆದದ್ದು. ದಿವ್ಯ ಕಲಿತ ಸನ್ನೆಗಳನ್ನು ಅವ್ವನಿಗೆ ತೋರಿಸುವಾಗ ನಡುವೆ ತಟಕ್ಕನೆ ನಿಲ್ಲುತ್ತಿದ್ದಳು. ನೀರು ಎನ್ನಲು ಎತ್ತಿದ ಕೈ ಅರ್ಧ ದಾರಿಯಲ್ಲಿ ನಿಂತು, ಕಣ್ಣು ಕೂಡ ಮಿಟುಕಿಸದೆ ಒಂದೆರಡು ಉಸಿರು ಕಾದು, ಆಮೇಲೆ ಧಡಕ್ಕನೆ ಮುಂದೆ ಹೋಗುತ್ತಿತ್ತು. ಅಕ್ಕಿಗೂ ಹಾಗೆಯೇ, ನಾಳೆಗೂ ಹಾಗೆಯೇ. ಸನ್ನೆಯೆಂದರೆ ನಡುವೆ ಕಲ್ಲಾಗಬೇಕು ಎಂದೇ ಅವಳು ತಿಳಿದಿದ್ದಳು. ಅಷ್ಟು ಶ್ರದ್ಧೆಯಿಂದ ಅವಳು ಆ ತಡೆಯನ್ನೂ ಬಾಯಿಪಾಠ ಮಾಡಿದ್ದಳು. ಉಷಾರಾಣಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ದಿನ ತೀರ್ಥಪ್ರಸಾದ್‌ಗೆ ಬರೆದರು: ನಿಮ್ಮ ತಂಗಿ ನನ್ನಿಂದ ಕಲಿಯುತ್ತಿಲ್ಲ, ನಿಮ್ಮ ನೆಟ್‌ನಿಂದ ಕಲಿಯುತ್ತಿದ್ದಾರೆ. ಇನ್ನೂ ಸ್ವಲ್ಪ ದಿನ ಹೀಗೇ ಹೋದರೆ ತಿದ್ದಲು ನನ್ನಿಂದಾಗದು, ಪಾಠ ನಿಲ್ಲಿಸುವುದೇ ಮೇಲು.

ಮರುದಿನವೇ ಒಂದು ರೂಟರ್ ತಂದು ಮನೆಯಲ್ಲಿ ಕೂರಿಸಿ, ಅಂಗಡಿಯ ಮೋಡೆಮ್ಮನ್ನು ಬ್ರಿಡ್ಜ್ ಮೋಡ್‌ಗೆ ಹಾಕಿದರು. ಹಾಗೆ ಹಾಕಿದಾಗ ಮೋಡೆಮ್ಮಿನ ವೈಫೈ ಇಲ್ಲವಾಗುತ್ತದೆ, ಇಂಟರ್‌ನೆಟ್ ಎಂದಿರುವ ದೀಪವೂ ಆರುತ್ತದೆ. ಮೊಣ್ಣಪ್ಪ ಅದನ್ನು ಕಂಡು, ಡಬ್ಬ ಕೆಟ್ಟಿತೆಂದು ಪಿನ್ನು ಚುಚ್ಚಿ ರೀಸೆಟ್ ಮಾಡಿಬಿಟ್ಟರು. ಕೆಳಗೆ ಪಾಠ ಕಡಿಯಿತು. ಮತ್ತೆ ಸರಿ ಮಾಡಿದರೆ ಮತ್ತೆ ಪಿನ್ನು. "ಊರಿಗೆಲ್ಲ ನೆಟ್ ಹಾಕುವವ ನೀನು, ನನ್ನ ಅಂಗಡಿಯ ನೆಟ್ಟೇ ತೆಗೆದ್ಯಲ್ಲ. ಬಸ್ಸಿಗೆ ಕಾಯುವವರಿಗೆ ಇನ್ನು ನನ್ನ ಮುಖ ನೋಡ್ಲಿಕ್ಕೆ ಹೇಳ್ತೀಯಾ?" ಎಂದು ಅವರ ತಕರಾರು. ತೀರ್ಥಪ್ರಸಾದ್ ವಾದ ಮಾಡಲಿಲ್ಲ. ನಾಳೆ ಬೆಳಿಗ್ಗೆ ಒಂದು ಗಳಿಗೆ ಮನೆಗೆ ಬನ್ನಿ ಎಂದರು. ಮೊಣ್ಣಪ್ಪ ಬಂದು ಜಗಲಿಯಲ್ಲಿ ಕೂತು, ಪಾಠ ಮುಗಿಯುವವರೆಗೆ ನೋಡಿ ಎದ್ದುಹೋದರು. ಮಾರನೆಯ ದಿನ ಮೋಡೆಮ್ಮಿನ ರೀಸೆಟ್ ತೂತಿಗೆ ಗಾಯಕ್ಕೆ ಅಂಟಿಸುವ ಪಟ್ಟಿ ಅಂಟಿತ್ತು. ಅಂಟಿಸಿದ್ದು ಅವರೇ. ಆಮೇಲೆ ತೀರ್ಥಪ್ರಸಾದ್ ಮನೆಯ ರೂಟರಿನಿಂದ ಇನ್ನೊಂದು ತಂತಿಯನ್ನು ಮೇಲಕ್ಕೆಳೆದು ಅಂಗಡಿಗೂ ವೈಫೈ ಕೊಟ್ಟಿದ್ದಾರೆ. ಪಾಠದ ಹೊತ್ತಿನಲ್ಲಿ ಮಾತ್ರ ಅದು ತಣ್ಣಗಿರುತ್ತದೆ.

ಮನೆಯೊಳಗಿನ ಅಡ್ಡಿ ಅವ್ವನದು. ಈ ಊರಲ್ಲಿ ಶೀತ ತಾಗಬಾರದ್ದೆಲ್ಲ ಒಲೆಯ ಮೇಲಿನ ಅಟ್ಟಕ್ಕೆ ಹೋಗುತ್ತದೆ. ಕರಿಮೆಣಸು, ಬಿತ್ತನೆಯ ಬೀಜ, ಒಣಮೀನು. ಮಗ ದುಬಾರಿ ಡಬ್ಬ ತಂದಿದ್ದಾನೆ, ಬೂಷ್ಟು ಹಿಡಿದೀತೆಂದು ಪೊನ್ನಮ್ಮ ರೂಟರನ್ನೂ ಅಲ್ಲಿಗೇ ಏರಿಸಿದರು. ವಾರದಲ್ಲಿ ಅದು ಮಸಿ ಕುಡಿದು ಕಾದು, ನಿಂತು ನಿಂತು ನಡೆಯತೊಡಗಿತು. ಮಗ ಬೈಯಲಿಲ್ಲ. ಶೀತದ ಭಯ ಸುಳ್ಳಲ್ಲವಲ್ಲ. ಅದನ್ನು ಒರೆಸಿ, ಒಲೆಯ ಹಿಂಬದಿಯ ಗೋಡೆಗೆ, ಬಿಸಿ ತಾಗುವ ಆದರೆ ಹೊಗೆ ತಾಗದ ಕಡೆ ಜೋಡಿಸಿದರು. ಈಗ ಊರಿನ ಬೇರೆ ಮನೆಗಳಲ್ಲೂ ಅವರು ಮೊದಲು ಹುಡುಕುವುದು ಒಲೆಯ ಹಿಂಬದಿಯ ಗೋಡೆಯನ್ನು.

ಚಿತ್ರ ನಿಲ್ಲುವುದು ನಿಂತಿತು. ಕೆಲವು ವಾರಗಳಲ್ಲಿ ದಿವ್ಯಳ ಕೈಯ ತಡೆಗಳು ಒಂದೊಂದಾಗಿ ಕರಗಿದವು. ಒಂದು ಬೆಳಿಗ್ಗೆ ಅವಳು ನೀರು ಎಂದಳು, ಕೈ ಎಲ್ಲೂ ನಿಲ್ಲದೆ, ತೋಡು ಹರಿದ ಹಾಗೆ. ಅಣ್ಣ ಅವತ್ತು ಕೆಲಸಕ್ಕೆ ತಡವಾಗಿ ಹೋದರು. ಅದಾದ ಮೇಲೆ ಬಂದದ್ದು ದೊಡ್ಡದು. ಹೆಸರು ಎಂಬ ಸನ್ನೆ ಅವಳಿಗೆ ದಕ್ಕಿತು. ಪ್ರತಿಯೊಂದಕ್ಕೂ ಒಂದು ಹೆಸರಿದೆ ಎಂಬುದೇ ಮೂವತ್ತೈದು ವರ್ಷದ ಹೆಂಗಸಿಗೆ ಹೊಸ ಸುದ್ದಿ. ಸೌಟು ಹಿಡಿದು ಕೇಳಿದಳು, ಜಿಗಣೆ ಹಿಡಿದು ಕೇಳಿದಳು, ಬೆಕ್ಕನ್ನು ಎತ್ತಿ ಟ್ಯಾಬಿನ ಮುಂದೆ ಹಿಡಿದು ಕೇಳಿದಳು. ಪೊನ್ನಮ್ಮನಿಗೆ ಸಾಕಾಯಿತು. "ಸೌಟುಗೂ ಹೆಸರ್ ಬೇಕ್, ಪುಚ್ಚೆಗೂ ಹೆಸರ್ ಬೇಕ್. ಒಲೆಲಿ ಸಾರ್ ಹೊತ್ತಿಹೋದು ಮಾತ್ರ ಯಾರಿಗೂ ಬೇಡ" ಎಂದು ಗೊಣಗಿದರು, ಗೊಣಗುತ್ತಲೇ ಬೆಕ್ಕಿನ ಸನ್ನೆಯನ್ನು ತಾವೂ ಕಲಿತರು.

ತನ್ನ ಹೆಸರನ್ನು ಮಾತ್ರ ದಿವ್ಯ ಕೇಳಿರಲಿಲ್ಲ. ಕಿವಿ ಕೇಳದವರ ನಡುವೆ ಒಬ್ಬೊಬ್ಬರಿಗೆ ಒಂದೊಂದು ಕೈಹೆಸರು ಇರುತ್ತದೆ, ಅದನ್ನು ಕಿವಿ ಕೇಳದವರೇ ಒಬ್ಬರಿಗೊಬ್ಬರು ಇಡುವುದು ಪದ್ಧತಿ. ಉಷಾರಾಣಿ ಯೋಚಿಸಿ ಒಂದನ್ನು ಆರಿಸಿದರು. ನಗುವ ಮೊದಲು ದಿವ್ಯಳ ಎಡಹುಬ್ಬು ಒಂದೇ ಮೇಲೇರುತ್ತದೆ. ಹುಬ್ಬಿನ ತುದಿಗೆ ತೋರುಬೆರಳು ತಾಗಿಸಿ ಮೇಲಕ್ಕೆ ಚಿಮ್ಮಿದರೆ, ಅದೇ ಅವಳು. ತೋಡಿನ ಬಳಿ ಕೊಟ್ಟ ಮಾತಿನ ವಿಷಯವನ್ನು ತೀರ್ಥಪ್ರಸಾದ್ ಉಷಾರಾಣಿಗೆ ಬರೆದಿದ್ದರು. ಹಾಗಿದ್ದರೆ ಅವಳಾಗಿ ಕೇಳಿದ ದಿನ ಮೊದಲು ನೀವೇ ಹೇಳಿ ಎಂದು ಉಷಾರಾಣಿ ಒಪ್ಪಿ, ಸನ್ನೆಯನ್ನು ಮೊದಲೇ ಕಲಿಸಿಕೊಟ್ಟರು. ಕಂಬದ ಕೆಳಗೆ, ಬಸ್‌ಸ್ಟಾಂಡಿನಲ್ಲಿ, ಬೈಕು ನಿಲ್ಲಿಸಿದಲ್ಲೆಲ್ಲ ಹುಬ್ಬಿಗೆ ಬೆರಳು ಚಿಮ್ಮಿಕೊಳ್ಳುವ ಇವರನ್ನು ಕಂಡು, ತಲೆನೋವಾ ತೀರ್ಥ ಎಂದು ಕೇಳಿದವರಿದ್ದಾರೆ.

ಕಳೆದ ತಿಂಗಳ ಒಂದು ಬೆಳಿಗ್ಗೆ ಪಾಠದ ನಡುವೆ ಕರೆಂಟು ಹೋಯಿತು. ಮನೆಯ ರೂಟರಿಗೆ ಪುಟ್ಟ ಯುಪಿಎಸ್ ಇದೆ, ಅಂಗಡಿಯ ಮೋಡೆಮ್ಮಿನದು ಹಿಂದಿನ ವಾರವಷ್ಟೇ ಕೆಟ್ಟಿತ್ತು. ಮೊಣ್ಣಪ್ಪ ಊರಲ್ಲಿರಲಿಲ್ಲ. ತೀರ್ಥಪ್ರಸಾದ್ ಓಡಿ ಹತ್ತಿ, ತಮ್ಮ ಹತ್ತಿರವಿದ್ದ ಕೀಲಿಯಿಂದ ಅಂಗಡಿ ತೆರೆದು, ಬೈಕಿನ ಬ್ಯಾಟರಿ ಬಿಚ್ಚಿ ತಂದು, ಅದರಿಂದ ಮೋಡೆಮ್ಮಿಗೆ ವೈರು ಕೊಟ್ಟರು. ದೀಪ ಹತ್ತಿತು. ಆದರೆ ವೈರು ಸಡಿಲ, ಕೈ ಬಿಟ್ಟರೆ ದೀಪ ಆರುತ್ತದೆ. ಬಲಗೈ ಬೆರಳಲ್ಲಿ ಒತ್ತಿ ಹಿಡಿದು ನಿಂತರು. ಅಲ್ಲಿಂದ ಕೆಳಗಿನ ಮನೆಯ ಹೆಂಚು ಕಾಣುತ್ತದೆ. ಒಳಗಿನದು ಕಾಣುವುದಿಲ್ಲ.

ಆಗ ಎಡಗೈಯ ಫೋನಿಗೆ ಉಷಾರಾಣಿಯ ಸಂದೇಶ ಬಂತು: ದಿವ್ಯ ಈಗ ತನ್ನನ್ನೇ ತೋರಿಸಿಕೊಂಡು ಹೆಸರು ಕೇಳುತ್ತಿದ್ದಾರೆ. ನೀವು ಬರುವವರೆಗೆ ಕಾಯಿಸಲೇ?

ಇಳಿದು ಹೋಗಲು ಎರಡು ನಿಮಿಷ ಸಾಕು. ಆದರೆ ಕೈ ಬಿಟ್ಟರೆ ಕೇಳುತ್ತಿರುವವಳ ಮುಂದಿನ ಚಿತ್ರ ಆರುತ್ತದೆ. ಅವರು ಎಡಗೈ ಹೆಬ್ಬೆರಳಲ್ಲಿ ಉತ್ತರ ಒತ್ತಿದರು: ಬೇಡ. ನೀವೇ ಹೇಳಿ.

"ಕೇಳಿದ ಕೂಡ್ಲೆ ಹೇಳ್ಬೇಕಲ್ವಾ" ಎನ್ನುತ್ತಾರೆ ಈಗ, ಕೊಪ್ಪೆ ಕೊಡವಿ ಬೈಕಿಗೆ ಯಂತ್ರ ಕಟ್ಟುತ್ತಾ. "ಎಷ್ಟು ವರ್ಷ ಆದ್ಮೇಲೆ ಕೇಳಿದ್ದಾಳೆ. ಇನ್ನೂ ಕಾಯಿಸುವುದಾ? ಚಿತ್ರ ಒಂದು ಸಲವೂ ನಿಲ್ಲಲಿಲ್ಲವಂತೆ ಅವತ್ತು. ಅವ್ವ ಹೇಳಿದ್ರು."

ದಿವ್ಯಳಿಗೆ ಅವಳ ಹೆಸರು ಗೊತ್ತಾಗಿದೆ. ಹೇಳಿದ್ದು ಉಷಾರಾಣಿ. ಅಣ್ಣ ಕೊಟ್ಟ ಮಾತು ನಡೆಯಲಿಲ್ಲ.